ಕಪ್ಪಾಗದ ಹೂಜಿ

ಬೀದರಿನ ಬಿದರಿ ಕಾರ್ಖಾನೆಯಲ್ಲಿ ಉಸ್ತಾದ ಅಬ್ದುಲ ಸಮದ ಕುಳಿತಲ್ಲೇ ಸತ್ತಿದ್ದ. ಹೊಟ್ಟೆಗೆ ಪಾಷಾಣ ಹೋಗಿದೆ ಎಂದರು ಡಾಕ್ಟರು. ನಿಜಾಮನ ಆಳ್ವಿಕೆಯನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ವರ್ಷವಾಗಿತ್ತು. ಆ ಓಣಿಯಲ್ಲಿ ಅರ್ಧ ಮನೆಗಳಿಗೆ ಇನ್ನೂ ಬೀಗ. ಪೊಲೀಸ್ ಅಮೀನ ಹಾವಗೆಪ್ಪನವರು ಟೋಪಿ ತೆಗೆದು ಒಳಗೆ ಕಾಲಿಟ್ಟರು.

ಮ್ಯಾನೇಜರ ವೈಜಿನಾಥ ಕೈಮುಗಿದ.

"ಕುತುಬೋದ್ದೀನಂದೇ ಕೆಲಸರಿ. ನಿನ್ನಿ ಇಬ್ಬರೂ ಜಗಳಾಡಿದ್ರು. ಇವತ್ತ ಚಹಾ ಕೊಟ್ಟಾಂವ ಅವನ."

ಜೊತೆಗೆಲಸದ ಕುತುಬೋದ್ದೀನ ಜಗಳದ ಕಾರಣ ಹೇಳಲೊಪ್ಪಲಿಲ್ಲ. ಲಾಕಪ್ಪು ಸೇರಿದ. ನಿಜಾಮನ ರಜಾಕಾರರ ಪಡೆಯಲ್ಲಿದ್ದನಂತೆ ಎಂಬ ಗುಸುಗುಸು ಬೇರೆ. ನೇಣು ದೂರವಿರಲಿಲ್ಲ.

*

"ನಿನ್ನ ಗಂಡಗ ಯಾರ ಮ್ಯಾಲರ ಸಿಟ್ಟಿತ್ತೇನವಾ?" ಎಂದು ಕೇಳಿದರು ಅಮೀನರು.

ಸಮದನ ಹೆಂಡತಿ ಇಮಾಮಬೀ ತಲೆ ಎತ್ತದೆ ಹೇಳಿದಳು. "ಭಟ್ಟಿ ಹೊಗಿ ಮ್ಯಾಲರಿ. ಇಬ್ಬರ ಕಣ್ಣು ಹೋದುವು. ಕಿಡಕಿ ಮಾಡಸ್ರಿ ಅಂತ ಮ್ಯಾನೇಜರಗ ಹೇಳಿ ಹೇಳಿ ಸಾಕಾಗಿತ್ತು. ಶುಕ್ರವಾರ ಕಾರ್ಖಾನಿ ನೋಡಾಕ ಸರ್ಕಾರಿ ಸಾಹೇಬ್ರು ಬರ್ತಾರ, ಅವರ ಮುಂದ ಹೇಳ್ತೇನಿ ಅಂದಿದ್ರು."

*

ಕಾರ್ಖಾನೆಯಲ್ಲಿ ಕಾರೀಗರ ಚಾಂದ ಪಾಶಾ ಹೂಜಿ ಹಿಡಿದು ನಿಂತಿದ್ದ. "ಸಮದ ಸತ್ತರೂ ಅವನ ರೂಹ ಇಲ್ಲೇ ಅದರಿ. ಅವ ಕೆತ್ತಿದ ಹೂಜಿ ಕಪ್ಪಾಗವಲ್ದು."

ಕೋಟೆಯ ಮಣ್ಣು ಕದಡಿದ ಬಿಸಿನೀರಿಗೆ ಬಿದ್ದರೆ ಬಿದರಿ ಸಾಮಾನು ಕಪ್ಪಾಗಬೇಕು. ಹೂಜಿ ಮಾತ್ರ ಹೆಣದ ಮುಖದ ಹಾಗೆ ಬಿಳಿಚಿಕೊಂಡಿತ್ತು. ಅಮೀನರು ಮೂಲೆಯ ಬುಟ್ಟಿಯಲ್ಲಿದ್ದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಕೇಳಿದರು.

"ಮಣ್ಣು ಚಲೋದೈತಿ ಅಂತ ಹ್ಯಾಂಗ ಗೊತ್ತಾಗ್ತದ?"

"ಉಸ್ತಾದ ಮುಂಜಾನಿ ನಾಲಿಗಿ ಮ್ಯಾಲ ಇಟ್ಟು ನೋಡ್ತಿದ್ದರಿ. ಅವನೊಬ್ಬನ."

ಅಮೀನರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರನ ಕಡೆ ಗಕ್ಕನೆ ತಿರುಗಿದರು. "ವೈಜಿನಾಥಪ್ಪ, ನಿಮ್ಮ ಹಿತ್ತಲ ತೋರಸ್ರಿ."

*

ಹಿತ್ತಲಲ್ಲಿ ಹೂತಿಟ್ಟ ಕೋಟೆಯ ಮಣ್ಣು ಸಿಕ್ಕಿತು. ಅದರಲ್ಲಿ ಇಲಿ ಪಾಷಾಣವಿದೆ ಎಂದರು ಡಾಕ್ಟರು.

"ವಿಷ ಚಹಾದಾಗಿರಲಿಲ್ಲ, ಮಣ್ಣಿನಾಗಿತ್ತು," ಎಂದರು ಅಮೀನರು. "ಉಸ್ತಾದ ಸತ್ತ ಮ್ಯಾಲ ಅದನ್ನ ತಗದು, ಬುಟ್ಟ್ಯಾಗ ಹೊಲದ ಮಣ್ಣ ತುಂಬಿದಿ. ಕಾರೀಗರ ಆಗಿದ್ರ ಆ ತಪ್ಪು ಮಾಡ್ತಿರಲಿಲ್ಲ. ಇಲ್ಲಿ ಮಣ್ಣಿನ ಗುಣ ತಿಳಿಯದಾಂವ ನೀ ಒಬ್ಬನ."

ವೈಜಿನಾಥ ಮತ್ತೆ ಕೈಮುಗಿದ. "ತಕರಾರ ಸಾಹೇಬ್ರ ತನಕ ಹೋಗಿದ್ರ ನನ್ನ ನೌಕರಿ ಹೋಗತಿತ್ತರಿ."

ಒಂದು ಕಿಟಕಿಗೆ ಒಂದು ಜೀವ. ಅಮೀನರಿಗೆ ಹೇಸಿಕೆಯಾಯಿತು.

*

ಬಿಡುಗಡೆಯಾದ ಕುತುಬೋದ್ದೀನ ಠಾಣೆಯ ಮೆಟ್ಟಿಲಿನಿಂದ ಏಳಲಿಲ್ಲ.

"ಮನಿಗಿ ಹೋಗೋ," ಎಂದರು ಅಮೀನರು.

"ಆ ತಕರಾರ ನಮ್ಮೆಲ್ಲರದರಿ ಸಾಹೇಬ್ರ. ಹೇಳಬ್ಯಾಡ, ಕೆಲಸ ಹೋಗ್ತದ ಅಂತ ನಾನ ಜಗಳಾ ಮಾಡಿದ್ದೆ. ನಾವೆಲ್ಲಾ ಕೂಡಿ ಹೇಳಿದ್ರ, ಆ ಮ್ಯಾನೇಜರ ಎಷ್ಟು ಮಂದೀನ ಕೊಲ್ತಿದ್ದರಿ?"