ಅಡಿಗೊಂದು ಹುಲ್ಲಿನ ಬಿಲ್ಲೆ

ಅಂಥ ಕಣ್ಣಿನವಳು ಭೂಮಿಯ ಮೇಲೆ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷಿಸುತ್ತಿದ್ದಳು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವನ ನಂಬರ್ ಹೇಳಿಬಿಡುತ್ತಿದ್ದಳು. ಪರೀಕ್ಷೆ ಏನಿದ್ದರೂ ಮೆಷಿನ್ನಿಗೆ ಬೇಜಾರಾಗಬಾರದು ಅಂತ. ಅಂಥವಳಿಗೆ ತನ್ನ ಮನೆಯಂಗಳದಲ್ಲಿ ಆರಿಂಚು ಕಾಣಿಸಲಿಲ್ಲ. ಒಂದು ದಿನವಲ್ಲ, ಎಂಟು ತಿಂಗಳು.

ಹುಲ್ಲಿನವನು ಮೊದಲ ಸಲ ಬಂದದ್ದು ಒಂದು ಶನಿವಾರ. ಜಾರುವ ಕಲ್ಲಿನ ಚಪ್ಪಡಿಗಳನ್ನೆಲ್ಲ ಕೀಳಿಸಿ, ಅಂಗಳಕ್ಕೆ ಹೊಸ ಮಣ್ಣು ಹರಡಿಸಿ ಅವಳು ಕಾಯುತ್ತಿದ್ದಳು. ಹಸಿರು ಜಮಖಾನೆ ಸುರುಳಿ ಬಿಚ್ಚಿದ ಹಾಗೆ ಸಂಜೆಯೊಳಗೆ ಲಾನ್ ಹಾಸಿಬಿಡುತ್ತಾನೆ ಅಂದುಕೊಂಡಿದ್ದಳು. ಅವನು ಟ್ರೇಯಿಂದ ಬೇರುಮಣ್ಣಿನ ಸಮೇತ ಅಂಗೈಯಗಲದ ಹುಲ್ಲಿನ ಬಿಲ್ಲೆಗಳನ್ನು ತೆಗೆದು, ಅಲ್ಲೊಂದು ಇಲ್ಲೊಂದು ಹೂತು ಎದ್ದು ನಿಂತ.

"ಇದೇನ್ರೀ ಇದು? ಲಾನೋ, ಶರ್ಟಿನ ಗುಂಡಿಗಳೋ?"

"ಇದು ಜೋಯ್ಸಿಯಾ, ಮೇಡಂ. ನಿಧಾನದ ಹುಲ್ಲು. ಬಿಲ್ಲೆ ಬಿಲ್ಲೆ ಹರಡಿ ಒಂದನ್ನೊಂದು ಮುಟ್ಟಬೇಕು. ಒಂದ್ಸಲ ಕೂಡಿಕೊಂಡರೆ ಕಳೆಗೂ ಜಾಗ ಕೊಡಲ್ಲ."

"ಎಷ್ಟು ದಿನ ಬೇಕು?"

ಅವನು ಅವಳನ್ನು ನೋಡಿದ. ಮಣ್ಣನ್ನು ನೋಡಿದ. ಮತ್ತೆ ಅವಳನ್ನೇ ನೋಡಿದ. "ಎರಡು ವರ್ಷ ಇಟ್ಕೊಳ್ಳಿ."

"ಎರಡು ವರ್ಷಾನಾ! ಅಷ್ಟರಲ್ಲಿ ಆನೆ ಮರಿ ಹಾಕುತ್ತೆ."

"ಆನೆಗೆ ಅವಸರ ಜಾಸ್ತಿ ಮೇಡಂ," ಎಂದು ನಕ್ಕ. ಆ ನಗುವಿಗೆ ಎದುರುಮನೆಯ ಬೆಕ್ಕೂ ಕಿಟಕಿಗೆ ಬಂತೆಂದರೆ ನಂಬಬೇಕು. ಅವಳು ಮಾತ್ರ ಗಂಭೀರವಾಗಿ ಕನ್ನಡಕ ಒರೆಸಿಕೊಂಡಳು. ಹೊಳೆಯುತ್ತಿದ್ದ ಗಾಜನ್ನು ಮೂರು ಸಲ ಒರೆಸಿದಳು.

ಅಲ್ಲಿಂದ ಶನಿವಾರ ತಪ್ಪಲಿಲ್ಲ. ಬಿಲ್ಲೆಗಳ ನಡುವಿನ ಬರಿಮಣ್ಣಿನಲ್ಲಿ ಕಳೆ ಬರುತ್ತಿತ್ತು, ಕೀಳಲು ಅವನು ಬರುತ್ತಿದ್ದ. ಜಗತ್ತಿನ ಅತ್ಯಂತ ನಿಧಾನದ ಕಳೆ ಕೀಳುವವನು ಅವನೇ ಇರಬೇಕು. ಒಂದೊಂದು ಗಿಡದ ಹತ್ತಿರ ಯೋಗಕ್ಷೇಮ ವಿಚಾರಿಸಿ, ಒಪ್ಪಿಗೆ ಪಡೆದು ಕೀಳುವಂತೆ ಕಾಣುತ್ತಿತ್ತು. ಅವಳು ಕಾಫಿ ತಂದು ಮೆಟ್ಟಿಲ ಮೇಲಿಡುತ್ತಿದ್ದಳು. ಲೋಟ ತೆಗೆದುಕೊಳ್ಳುವಾಗ ಅವನು ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸುತ್ತಿದ್ದ. ಒರೆಸಿದ ಮೇಲೆ ಕೈ ಇನ್ನಷ್ಟು ಕೊಳೆಯಾಗುತ್ತಿತ್ತು.

"ನಿಮ್ಮ ಪ್ಯಾಂಟಿನಲ್ಲೇ ಒಂದು ಲಾನ್ ಬೆಳೆಸಬಹುದು."

"ಬೆಳೆಸಬಹುದು. ಆದರೆ ನೀರು ಹಾಕೋರು ಬೇಕಲ್ಲ?"

ಇಂಥ ಮಾತಿಗೆ ಅವಳ ಕಿವಿ ಕೆಂಪಾಗುತ್ತಿತ್ತು. ಎಷ್ಟು ಕೆಂಪೆಂದರೆ, ಬೀದಿಯಲ್ಲಿ ಹೋಗುವ ಕಾರು ಸಿಗ್ನಲ್ ಎಂದುಕೊಂಡು ನಿಲ್ಲಬೇಕಿತ್ತು.

ಲಾನ್ ಯಾಕೆ ಬೇಕೆಂದು ಅವಳು ಹೇಳಿದ್ದು ಮೂರನೆಯ ತಿಂಗಳಲ್ಲಿ. ಅಮ್ಮ ಲೆಕ್ಕದ ಟೀಚರ್ ಆಗಿ ನಿವೃತ್ತಳಾದವಳು. ಅದೇ ಅಂಗಳದ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು, ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮೆತ್ತಗಿನ ನೆಲದಲ್ಲಿ ಅಭ್ಯಾಸ ಮಾಡಿಸಿ ಎಂದರು ಡಾಕ್ಟರು. "ಹುಲ್ಲು ತುಂಬಲಿ, ಆಮೇಲೆ ಹೊಸ್ತಿಲು ದಾಟ್ತೀನಿ," ಎಂದು ಅಮ್ಮ ಕಿಟಕಿ ಹಿಡಿದು ಕೂತುಬಿಟ್ಟಳು.

"ಹೆಚ್ಚು ದಿನ ಕೂತರೆ ಕಾಲಿನ ಶಕ್ತಿಯೇ ಹೋಗುತ್ತಂತೆ," ಎಂದಳು ಅವಳು. "ಬೇಗ ಬೆಳೆಸೋದಕ್ಕೆ ಏನಾದ್ರೂ ದಾರಿ ಇದೆಯೇನ್ರೀ?"

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ನೋಡೋಣ ಮೇಡಂ," ಎಂದ. ಅಂದು ಕಳೆಯನ್ನು ಬೇಗ ಕಿತ್ತು ಹೊರಟುಹೋದ. ಅಮ್ಮನ ಸುದ್ದಿ ಕೇಳಿ ಕರಗಿದ ಪಾಪ, ಎಂದುಕೊಂಡಳು. ಊರಿಗೆಲ್ಲ ಕಣ್ಣು ಕೊಡುವವಳು!

ಎಂಟನೆಯ ತಿಂಗಳು, ಅಂಗಡಿಗೆ ಪಾರ್ಕಿನ ಹಳೆಯ ಸೂಪರ್‌ವೈಸರ್ ಒಬ್ಬರು ಬಂದರು. ಹೊಸ ಕನ್ನಡಕ ಹಾಕಿಸಿ, ಹತ್ತಿರದ್ದು ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ಅವಳು ಫೋನ್ ಕೊಟ್ಟಳು. ಫೋನಿನಲ್ಲಿ ಅಂಗಳದ ಫೋಟೋ ಇತ್ತು.

"ಚೆನ್ನಾಗಿ ಕಾಣ್ತಿದೆಯಮ್ಮ. ಜೋಯ್ಸಿಯಾ. ಯಾವ ಪುಣ್ಯಾತ್ಮ ಹಾಕಿದ್ದು, ಅಡಿಗೊಂದು ಬಿಲ್ಲೆ?"

"ಯಾಕೆ ಸಾರ್?"

"ಆರಿಂಚಿಗೊಂದು ಹಾಕಿದ್ರೆ ಇಷ್ಟೊತ್ತಿಗೆ ಮುಚ್ಚಿಕೊಳ್ತಾ ಬರ್ತಿತ್ತು. ಟ್ರೇ ಕಡಿಮೆ ಇದ್ದವೇನೋ."

ಟ್ರೇ ಕಡಿಮೆ ಇರಲಿಲ್ಲ. ಮೊದಲ ದಿನ ಅವನು ಗಾಡಿ ತುಂಬ ತಂದಿದ್ದ, ಮುಕ್ಕಾಲು ಪಾಲು ವಾಪಸ್ಸು ಒಯ್ದಿದ್ದ. ಅದನ್ನು ಅವಳು ಕಣ್ಣಾರೆ ನೋಡಿದ್ದಳು. ಆ ದಿನ ಅಂಗಡಿಯಲ್ಲಿ ಎಷ್ಟು ಜನಕ್ಕೆ ತಪ್ಪು ನಂಬರ್ ಬರೆದುಕೊಟ್ಟಳೋ, ಅರ್ಧ ಊರು ಗೋಡೆಗೆ ಡಿಕ್ಕಿ ಹೊಡೆದುಕೊಂಡು ಓಡಾಡಿರಬೇಕು.

ಶನಿವಾರ ಅವನು ಗೇಟು ತೆಗೆದಾಗ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಕಾಫಿ ಇರಲಿಲ್ಲ, ಅಳತೆಯ ಟೇಪು ಇತ್ತು.

"ಹನ್ನೆರಡು ಇಂಚು. ಎಲ್ಲಿ ಅಳೆದರೂ ಹನ್ನೆರಡು. ಯಾಕೆ?"

ಸುಳ್ಳು ಹೇಳಬಹುದಿತ್ತು. ಗಾಳಿ ಬೇಕು, ಬಿಸಿಲು ಬೇಕು ಎಂದು ಹತ್ತು ಕಾರಣ ಅವನ ಜೇಬಿನಲ್ಲೇ ಇದ್ದವು. ಅವನು ಟೋಪಿ ತೆಗೆದ.

"ಬೇಗ ತುಂಬಿದರೆ ನನಗೆ ಇಲ್ಲೇನು ಕೆಲಸ ಮೇಡಂ? ತಿಂಗಳಿಗೊಂದ್ಸಲ ಹುಲ್ಲು ಕತ್ತರಿಸೋ ಮೆಷಿನ್ ಆಡಿಸಿ ಹೋಗೋದು. ಅವತ್ತು ನೀವು ಮೆಟ್ಟಿಲ ಮೇಲೆ ನಿಂತು ಶರ್ಟಿನ ಗುಂಡಿ ಅಂದ್ರಲ್ಲ... ಆಗಿನ್ನೂ ಅರ್ಧದಷ್ಟು ಸಾಲು ಮಾತ್ರ ನೆಟ್ಟಿದ್ದೆ, ಅದೂ ಅಡಿಗೊಂದು ಗುರುತಿಗೆ. ನಡುವೆ ತುಂಬಬೇಕಿತ್ತು. ತುಂಬಲಿಲ್ಲ."

"ಅಮ್ಮನ ವಿಷಯ ಗೊತ್ತಾದ ಮೇಲೆ?"

ಅವನು ಬಗ್ಗಿ ಕಾಲ ಬಳಿಯ ಒಂದು ಕಳೆ ಕಿತ್ತ.

"ಹೇಳ್ರೀ. ಗೊತ್ತಾಗಿ ಐದು ತಿಂಗಳಾಯ್ತು."

"ಹೇಳಿದ್ರೆ ಬರಬೇಡ ಅಂತೀರಿ ಅಂತ ಭಯ. ವಾರ ವಾರ, ಮುಂದಿನ ವಾರ ಹೇಳ್ತೀನಿ ಅಂದ್ಕೊಂಡೇ ಬಂದೆ."

"ನಿಮ್ಮ ಶನಿವಾರಕ್ಕೆ ನಮ್ಮಮ್ಮನ ಕಾಲು ಬೇಕಾಗಿತ್ತಾ?"

ಆ ಮಾತಿಗೆ ಅವನ ಮುಖ ಸೋತುಹೋಯಿತು. "ಬರಬೇಡಿ," ಎಂದಳು. ಅವನು ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿಕೊಂಡು ಹೋದ. ಅವಳಿಗೆ ಅದೂ ತಡೆಯಲಾಗಲಿಲ್ಲ. ಧಡ್ ಎಂದು ಹಾಕಿದ್ದರೆ ಸಿಟ್ಟಾದರೂ ಉಳಿಯುತ್ತಿತ್ತು.

ಒಳಗೆ ಬಂದರೆ ಅಮ್ಮ ಕಿಟಕಿಯ ಬಳಿಯೇ ಇದ್ದಳು.

"ಅವನನ್ನೊಬ್ಬನನ್ನೇ ಬೈಬೇಡ ಕಣೇ."

"ನೀನು ಸುಮ್ನಿರಮ್ಮ, ನಿಂಗೊತ್ತಿಲ್ಲ."

"ಉದ್ದಕ್ಕೆ ಇಪ್ಪತ್ತನಾಲ್ಕು, ಅಗಲಕ್ಕೆ ಹದಿನೈದು. ಮುನ್ನೂರ ಅರವತ್ತು ಬಿಲ್ಲೆ. ಗಾಡಿಯಲ್ಲಿ ತಂದಿದ್ದು ಸಾವಿರದ ನಾನೂರ ನಲವತ್ತು. ಮೊದಲನೇ ದಿನವೇ ಎಣಿಸಿದೆ. ಮೂವತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು."

ಅವಳು ಕುರ್ಚಿ ಎಳೆದು ಅಮ್ಮನ ಎದುರು ಕೂತಳು. "ಮತ್ತೆ ಯಾಕೆ ಹೇಳಲಿಲ್ಲ?"

ಅಮ್ಮ ತನ್ನ ಮಂಡಿಯ ಮೇಲಿದ್ದ ಸೆರಗನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ತುಂಬಿದರೆ ನಡೀಬೇಕಲ್ಲೇ. ಭಯ ಆಗುತ್ತೆ. ತುಂಬದೇ ಇರಲಿ ಅಂತ ದಿನಾ ಬೇಡ್ಕೋತಿದ್ದೆ. ಅವನು ನನಗೂ ಉಪಕಾರ ಮಾಡ್ತಿದ್ದಾನೆ ಅನಿಸ್ತು."

ಅವಳು ಕಿಟಕಿಯಿಂದ ಅಂಗಳ ನೋಡಿದಳು. ಎಂಟು ತಿಂಗಳಲ್ಲಿ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಫೋನಿನಲ್ಲಿ ಹುಡುಕಿದರೂ ಸಿಗುತ್ತಿತ್ತು. ತಾನು ಯಾಕೆ ಕೇಳಲಿಲ್ಲ? ಶನಿವಾರ ಬರಲಿ ಎಂದು ಸೋಮವಾರದಿಂದಲೇ ಕಾಯುವವಳಿಗೆ ಹುಲ್ಲಿನ ಅವಸರ ಎಲ್ಲಿಂದ ಬರಬೇಕು? ಕೊನೆಗೆ ಫೋನ್ ಕೈಗೆತ್ತಿಕೊಂಡಳು.

"ಸಾವಿರದ ಎಂಬತ್ತು ಬಿಲ್ಲೆ ತನ್ನಿ. ಸಾಲು ಬಿಡದೆ ನೆಡಿ. ನನ್ನ ಹತ್ತಿರ ಮಾತಾಡಬೇಡಿ."

ಅವನು ಮೂರು ದಿನ ನೆಟ್ಟ. ತಲೆ ಎತ್ತಲಿಲ್ಲ, ನಗಲಿಲ್ಲ, ಮೆಟ್ಟಿಲ ಮೇಲೆ ತಾನಾಗಿಯೇ ಬಂದು ಕೂತ ಕಾಫಿಯನ್ನೂ ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

"ಟೀಚರ್, ಬೇಡ! ಈಗ ತಾನೇ ನೆಟ್ಟಿದ್ದು. ಇನ್ನೂ ಬರೀ ಮಣ್ಣು."

"ಅದು ತುಂಬೋವರೆಗೆ ಕಾದರೆ ನಾನು ಕಿಟಕಿಗೇ ಅಂಟಿಕೊಳ್ತೀನಿ. ಇಲ್ಲಿ ಬಾರಯ್ಯ, ಭುಜ ಕೊಡು."

ಅಮ್ಮನ ಬರಿಗಾಲು ಒದ್ದೆ ಮಣ್ಣಿಗೆ ಇಳಿಯಿತು. ಬಲಗಾಲು ನಡುಗಿತು. ಭೂಮಿ ತಿರುಗುವುದನ್ನು ನಿಲ್ಲಿಸಿ ಆ ಕಾಲನ್ನೇ ನೋಡುತ್ತಿತ್ತೆಂದರೆ ಉತ್ಪ್ರೇಕ್ಷೆಯಲ್ಲ. ಒಂದು ಹೆಜ್ಜೆ. ಎರಡು. ಐದನೆಯ ಹೆಜ್ಜೆಗೆ ಅಮ್ಮ ಉಸಿರು ಬಿಟ್ಟು, "ಸಾಕು, ಇವತ್ತಿಗೆ ಇಷ್ಟೇ," ಎಂದಳು. ಎಂಟು ತಿಂಗಳ ಹಿಂದೆ ಹತ್ತು ಹೆಜ್ಜೆಯಾಗುತ್ತಿತ್ತೋ ಏನೋ. ಹುಲ್ಲಿನವನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಒರೆಸಿಕೊಳ್ಳುವಂತಿರಲಿಲ್ಲ, ಎರಡೂ ಕೈ ಅಮ್ಮನನ್ನು ಹಿಡಿದಿದ್ದವು.

ಅಮ್ಮ ಒಳಗೆ ಹೋದ ಮೇಲೆ ಅವನು ಖಾಲಿ ಟ್ರೇಗಳನ್ನು ಪೇರಿಸಿದ.

"ಮುಗೀತು ಮೇಡಂ. ತುಂಬಿದ ಮೇಲೆ ಯಾರು ಬೇಕಾದ್ರೂ ಕತ್ತರಿಸಬಹುದು. ಒಳ್ಳೆಯವನೊಬ್ಬನ ನಂಬರ್ ಕೊಡ್ತೀನಿ."

"ನನಗೆ ನಿಮ್ಮ ಮೇಲೆ ಸಿಟ್ಟಿದೆ."

"ಇರಲಿ."

"ನನ್ನ ಮೇಲೂ ಇದೆ. ಎಲ್ಲ ನೋಡಿಯೂ ನೋಡದ ಹಾಗಿದ್ದೆ, ನೀವು ಬರೋದು ನಿಲ್ಲುತ್ತೆ ಅಂತ." ಅವಳು ಒಂದು ಟ್ರೇ ಎತ್ತಿ ರಾಶಿಯ ಮೇಲಿಟ್ಟಳು. "ಶನಿವಾರ ಬನ್ನಿ. ಕೆಲಸದ ಸಾಮಾನು ಏನೂ ತರಬೇಡಿ."

"ಬರಿಗೈಯಲ್ಲಿ ಬಂದು ಏನು ಮಾಡಲಿ?"

"ಕೂತ್ಕೊಳ್ಳಿ. ನಾನು ಬೈತೀನಿ, ಕೇಳಿಸ್ಕೊಳ್ಳಿ."

ಅವನು ಬಂದ. ಆ ಶನಿವಾರ ಅವಳು ಬೈದಳು. ಮುಂದಿನ ಶನಿವಾರವೂ ಬೈದಳು, ನಡುವೆ ಒಂದು ಸಲ ಅತ್ತಳು. ಮೂರನೆಯ ಶನಿವಾರ ಅರ್ಧದಲ್ಲೇ ಮಾತು ಮುಗಿದುಹೋಯಿತು. ಅವನು ಹೊರಡುತ್ತೇನೆಂದು ಏಳಲಿಲ್ಲ. ಅವಳೂ ಏಳಿ ಎನ್ನಲಿಲ್ಲ.