ಬೆಣ್ಣೆಬಣ್ಣದ ಪುಟ್ಟ ಟೋಪಿ

"ತುಂಬಾ ಮೆತ್ತಗಿರೋ ಉಣ್ಣೆ ಬೇಕಿತ್ತು. ಪುಟ್ಟ ಮಗುವಿನ ಟೋಪಿಗೆ."

ಏಣಿಯ ಮೇಲಿದ್ದವಳ ಕೈಯಿಂದ ಉಣ್ಣೆಯ ಉಂಡೆ ಜಾರಿತು. ಉರುಳುತ್ತಾ ಹೋಗಿ ಅವನ ಬೂಟಿಗೆ ಬಡಿದು ನಿಂತಿತು.

ಎದುರಂಗಡಿಯ ಗಡಿಯಾರದವನು!

ಅವನು ರಸ್ತೆಯಾಚೆ ರಿಪೇರಿ ಅಂಗಡಿ ತೆರೆದಾಗಿನಿಂದ ಚಿಕ್ಕಮ್ಮನ ಉಣ್ಣೆ ಅಂಗಡಿಯ ಗಾಜು ಫಳಫಳ ಹೊಳೆಯುತ್ತಿತ್ತು. ಒರೆಸುತ್ತಿದ್ದವಳು ಇವಳೇ. ಅಲ್ಲಿಂದ ಕಾಣುತ್ತಿದ್ದದ್ದು ಅವನ ಬಗ್ಗಿದ ತಲೆ ಮಾತ್ರ. ಅಷ್ಟಕ್ಕೇ ಇಷ್ಟು ಸಂಭ್ರಮ!

ಆ ತಲೆಯೇ ಈಗ ಎದುರಿಗಿದೆ... ಮಗುವಿನ ಟೋಪಿ ಕೇಳುತ್ತಿದೆ!

"ಮಗು... ನಿಮ್ದಾ?"

"ಅಯ್ಯೋ, ಇಲ್ಲ! ನಾನು ಮದುವೆಯಾಗಬೇಕಿದ್ದ ಹುಡುಗಿಯದು. ಇನ್ನೇನು ಹೆರಿಗೆ." ಅವನು ನಕ್ಕ. "ಕೊಂಡುತಂದದ್ದು ಬೇಡವಂತೆ. ನಾನೇ ಕೈಯಾರೆ ಹೆಣೀಬೇಕಂತೆ. ಕಲಿಸ್ತೀರಾ?"

ಬೇರೆಯವನನ್ನು ಕಟ್ಟಿಕೊಂಡವಳ ಮಗುವಿಗೆ ಇವನ ಕೈಯಿಂದ ಟೋಪಿ! ಅವಳ ಎದೆಯಲ್ಲಿ ಸಣ್ಣಗೆ ಹೊಗೆಯಾಡಿತು.

"ಕಲಿಸ್ತೀನಿ," ಎಂದಿತು ಬಾಯಿ. ಮನಸ್ಸನ್ನು ಯಾರು ಕೇಳಿದರು?

ಸುಲಭದ ಟೋಪಿ ಅದು. ಉದ್ದ ಪಟ್ಟಿಯೊಂದನ್ನು ಹೆಣೆದು, ಅಂಚು ಕೂಡಿಸಿ ಹೊಲಿದು, ನೆತ್ತಿಯಲ್ಲಿ ದಾರ ಎಳೆದು ಗಂಟು ಹಾಕಿದರೆ ಮುಗಿಯಿತು. ಆದರೆ ಗಡಿಯಾರದವನ ಕೈಯಲ್ಲಿ ಅದು ಮುಗಿಯುವ ಲಕ್ಷಣವೇ ಇರಲಿಲ್ಲ! ದಿನಾ ಸಂಜೆ ಪೆಚ್ಚುಮೋರೆ ಹಾಕಿಕೊಂಡು ಬರುವನು. ಹೆಣಿಗೆ ಕಡ್ಡಿಯಿಂದ ಕುಣಿಕೆಗಳು ಉದುರಿರುತ್ತಿದ್ದವು.

"ಬಿಡಿ, ಒಂದು ಕುಣಿಕೆ ತಾನೇ? ಎತ್ತಿ ಸೇರಿಸ್ತೀನಿ," ಎಂದರೆ ಒಪ್ಪುತ್ತಿರಲಿಲ್ಲ.

"ಬೇಡ ಬೇಡ! ಪೂರ್ತಿ ಬಿಚ್ಚೋಣ. ಮೊದಲಿಂದ ಹೇಳಿಕೊಡಿ. ಅವಳ ಮಗುಗೆ ಒಂದು ತಪ್ಪೂ ಇರಬಾರದು."

*ಅವಳ ಮಗುಗೆ... ಅವಳ ಮಗುಗೆ!*

ಅವನು ಹೊರಟ ಮೇಲೆ ಇವಳು ಗಂಟಲು ದಪ್ಪ ಮಾಡಿಕೊಂಡು, ಕುತ್ತಿಗೆ ಓರೆ ಮಾಡಿ ಅವನನ್ನು ಅಣಕಿಸಲು ಶುರುಮಾಡಿದಳು. "ಪೂರ್ತಿ ಬಿಚ್ಚೋಣ! ಅವಳು ಬಂಗಾರ, ಅವಳ ಮಗು ವಜ್ರ, ನಾನು ಮಾತ್ರ ತುಕ್ಕು ಹಿಡಿದ ಅಲಾರಾಂ!"

ಲೆಕ್ಕ ನೋಡುತ್ತಿದ್ದ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಫಕ್ಕನೆ ನಿಂತಿತು.

ಬಾಗಿಲಲ್ಲಿ ಅವನು! ಮರೆತ ಚೀಲಕ್ಕೆ ಬಂದಿದ್ದ.

"ನನ್ನ ದನಿ ಇಷ್ಟೊಂದು ಗೊಗ್ಗರಾ?"

ಅವಳಿಗೆ ಉಣ್ಣೆ ರಾಶಿಯೊಳಗೆ ಹೂತುಹೋಗಬೇಕೆನಿಸಿತು. ಅವನು ಮಾತ್ರ ನಗುತ್ತಲೇ ಹೊರಟ. ಆ ನಗು ನೋಡಿ ಇನ್ನಷ್ಟು ಉರಿಯಿತು!

"ಉಂಡೆ," ಚಿಕ್ಕಮ್ಮ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, "ಅವನ ಮೇಲೆ ನಿಂಗೆ ಮನಸ್ಸಿದೆ ತಾನೇ? ಹೇಳಿಬಿಡು."

"ಅವರ ಮನಸ್ಸು ಇನ್ನೂ ಆ ಬಂಗಾರದ ಹತ್ತಿರಾನೇ ಇದೆ ಚಿಕ್ಕಮ್ಮ. ಬಾಯಿಬಿಟ್ಟು ಹೇಳಿ, ಆಮೇಲೆ ದಿನಾ ಎದುರಂಗಡೀಲಿ ಆ ಮುಖ ಹೇಗೆ ನೋಡ್ಲಿ?"

ಒಂದು ಬೆಳಿಗ್ಗೆ ಅವನು ರಸ್ತೆ ದಾಟಿ ಓಡಿಬಂದ. "ಮಗು ಹುಟ್ಟಿತು ರೀ! ಹೆಣ್ಣು!"

ಎಷ್ಟು ಬೆಳಗಿತ್ತು ಅವನ ಮುಖ! ತನ್ನದೇ ಮಗು ಹುಟ್ಟಿದಂತೆ...

"ಟೋಪಿ ಇನ್ನೂ ಅರ್ಧವೇ ಇದೆ. ಇಲ್ಲಿ ಕೊಡಿ, ನಾನೇ ಮುಗಿಸ್ತೀನಿ," ಎಂದಳು. *ಮುಗಿದುಹೋಗಲಿ. ಟೋಪಿಯೂ, ಈ ಸಂಜೆಗಳೂ.*

ಅವನ ಮುಖ ಬಾಡಿತು. ಯಾಕೆಂದು ಕೇಳುವ ತಾಳ್ಮೆ ಅವಳಲ್ಲಿರಲಿಲ್ಲ. ಅವನು ಹೆಣೆದದ್ದನ್ನು ಸರ್ರನೆ ಬಿಚ್ಚಿಹಾಕಿ, ಮೊದಲಿನಿಂದ ಹೆಣೆಯಲು ಕೂತಳು. ಪ್ರತಿ ಕುಣಿಕೆಗೂ ಆ ಕಾಣದ ಹೆಂಗಸಿನ ಜುಟ್ಟು ಎಳೆದಂತೆ ದಾರ ಎಳೆದಳು!

ಮುಗಿದದ್ದನ್ನು ಚಿಕ್ಕಮ್ಮ ಬೆರಳಿಗೆ ಏರಿಸಿ ನೋಡಿದರು. "ಎಷ್ಟು ಬಿಗಿ ಹೆಣೆದಿದ್ದೀಯೇ! ಇದು ಮಗುವಿನ ತಲೆಗಲ್ಲ, ಕಿತ್ತಳೆ ಹಣ್ಣಿಗೆ ಆಗುತ್ತೆ."

"ಆಗಲಿ! ಕಿತ್ತಳೆಗೇ ಹಾಕಿಕೊಳ್ಳಲಿ!"

ಟೋಪಿ ಕಿತ್ತುಕೊಂಡು ರಸ್ತೆ ದಾಟಿದಳು. ಅವನ ಅಂಗಡಿಯ ಗಾಜಿನ ಬಾಗಿಲು ತಳ್ಳಬೇಕು... ಕೈ ಅಲ್ಲೇ ನಿಂತಿತು.

ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಅವನು ಒಂದು ಕೈಗಡಿಯಾರದ ಮೇಲೆ ಬಗ್ಗಿದ್ದ. ಚಿಮಟದ ತುದಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು. ಅದನ್ನು ಹಗುರವಾಗಿ ಇಳಿಸಿದ. ಸಾಸಿವೆಗಿಂತ ಸಣ್ಣ ತಿರುಪನ್ನು ಎತ್ತಿ ಕೂರಿಸಿದ. ಬೆರಳು ಒಂದಿಷ್ಟೂ ನಡುಗಲಿಲ್ಲ.

*ಈ ಕೈಯಿಂದ... ಕುಣಿಕೆ ಉದುರುತ್ತಾ?*

ಬಾಗಿಲು ಧಡಾರನೆ ತೆರೆಯಿತು.

"ಕುಣಿಕೆಗಳು ತಾವಾಗೇ ಉದುರ್ತಿದ್ವಾ, ನೀವು ಉದುರಿಸ್ತಿದ್ರಾ?"

ಅವನು ಭೂತಗಾಜು ತೆಗೆದ. ಕಿವಿಯವರೆಗೂ ಕೆಂಪಾದ. ಮೇಜಿನ ಡ್ರಾಯರ್ ಎಳೆದ.

ಒಳಗೆ ಬೆಣ್ಣೆಬಣ್ಣದ ಪುಟ್ಟ ಟೋಪಿ! ಮೆತ್ತಗೆ, ಸಡಿಲವಾಗಿ, ಒಂದು ತಪ್ಪೂ ಇಲ್ಲದೆ!

"ಇದು ಯಾವತ್ತೋ ಮುಗಿದಿತ್ತು," ಎಂದ ಮೆಲ್ಲಗೆ. "ಮುಗೀತು ಅಂದ್ರೆ ಮತ್ತೆ ಬರೋಕೆ ನೆಪ ಇರ್ತಿರಲಿಲ್ಲ. ಅದಕ್ಕೇ ಇನ್ನೊಂದು ಶುರು ಮಾಡಿ, ದಿನಾ ಇಲ್ಲಿಂದ ಹೊರಡೋ ಮುಂಚೆ ಕಡ್ಡಿಯಿಂದ ಜಾರಿಸ್ತಿದ್ದೆ..."

"ನನಗೇ ಟೋಪಿ ಹಾಕಿದ್ರಾ!"

ಬೈಯಬೇಕೆಂದುಕೊಂಡಳು. ಬಾಯಿಗೆ ಬಂದದ್ದು ಬೇರೆಯೇ.

"ಮತ್ತೆ ಅವಳು? ಇನ್ನೂ ಮನಸ್ಸಲ್ಲಿದ್ದಾಳಾ?"

"ಅವಳು ಬೇರೊಬ್ಬರನ್ನ ಇಷ್ಟಪಟ್ಟಾಗ ನೋವಾಗಿತ್ತು. ಸುಳ್ಳು ಹೇಳಲ್ಲ. ಈಗ ಅವರಿಬ್ಬರೂ ನನ್ನ ಗೆಳೆಯರು. ಇಲ್ಲಿಗೆ ಅಟ್ಟಿದ್ದೂ ಅವಳೇ. 'ಆ ಉಣ್ಣೆ ಅಂಗಡಿ ಹುಡುಗಿ ಬಗ್ಗೆ ಎಷ್ಟು ಅಂತ ಕೊರೀತೀಯ? ಟೋಪಿ ನೆಪ ಮಾಡ್ಕೊಂಡು ಹೋಗಿ ಮಾತಾಡು' ಅಂದ್ಲು."

ಅವಳ ಕಣ್ಣು ತುಂಬಿತು. ಮರುಕ್ಷಣವೇ ಕಿರಿದಾಯಿತು.

"ಅಂದ್ರೆ... ನನ್ನ ವಿಷಯ ನನಗಿಂತ ಮೊದಲು ಅವಳಿಗೆ ಹೇಳಿದ್ರಾ?!"

ಅವನು ಗಟ್ಟಿಯಾಗಿ ನಕ್ಕುಬಿಟ್ಟ. "ಈಗ ನಿನಗೇ ಹೇಳ್ತೀನಿ. ನಿನ್ನ ಕಂಡ್ರೆ ನಂಗೆ ಪ್ರೀತಿ. ಗೊಗ್ಗರು ದನಿ ಪರವಾಗಿಲ್ಲ ತಾನೇ?"

ಅವನು 'ನೀನು' ಎಂದದ್ದು ಅವಳಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು!

"ದನಿ ನಾನು ಆಗಲೇ ಕಲಿತಾಯ್ತಲ್ಲ," ಎಂದಳು ನೆಲ ನೋಡುತ್ತಾ. "ಮನುಷ್ಯನೂ... ಪರವಾಗಿಲ್ಲ."

ಅವಳ ಮುಷ್ಟಿಯಲ್ಲಿದ್ದ ಟೋಪಿಯನ್ನು ಅವನು ಬಿಡಿಸಿಕೊಂಡ. "ಇದೇನು ಇಷ್ಟು ಚಿಕ್ಕದು?"

"ಹೊಟ್ಟೆಕಿಚ್ಚಲ್ಲಿ ಹೆಣೆದದ್ದು. ಕೊಡು, ಬಿಚ್ಚಿಹಾಕ್ತೀನಿ."

"ಇದನ್ನ ಬಿಚ್ಚೋಕೆ ಬಿಡಲ್ಲ!"

ಮೇಜಿನ ಮೇಲಿನ ಅಲಾರಾಂ ಗಡಿಯಾರದ ತಲೆಗೆ ಅದನ್ನು ತೊಡಿಸಿದ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಸಂಜೆ ಮಗು ನೋಡೋಕೆ ಒಟ್ಟಿಗೆ ಹೋಗೋಣ್ವಾ?"

"ಬರ್ತೀನಿ. ಆ ಬಂಗಾರವನ್ನೂ ಒಮ್ಮೆ ನೋಡಬೇಕು." ಬಾಗಿಲವರೆಗೆ ಹೋದವಳು ತಿರುಗಿದಳು. "ನಾಳೆಯಿಂದ ಪಾಠ ಇಲ್ಲ ಅಲ್ವಾ? ಟೋಪಿ ಮುಗೀತಲ್ಲ..."

"ಮಗುಗೆ ಕಾಲುಚೀಲ ಬೇಡ್ವಾ? ಅದೂ ಎರಡು!"

"ಕುಣಿಕೆ ಉದುರಿಸಿದ್ರೆ ನೋಡು!"

"ಉದುರಿಸಲ್ಲ ಉಂಡೆ. ಇನ್ನು ನೆಪ ಯಾಕೆ?"