ಹಸಿರು ಬಾವುಟ, ಕನಕಾಂಬರ

ವೈಗೈ ಅಣೆಕಟ್ಟಿನ ನೀರು ಬೆಳಿಗ್ಗೆ ಕನ್ನಡಿಯ ಹಾಗೆ ನಿಂತಿರುತ್ತದೆ. ಪ್ರವಾಸಿಗರ ತೇಲುವ ವಿಮಾನವನ್ನು ಅಂಥ ನೀರಿಗೆ ಇಳಿಸುವವನಿಗೆ ಎತ್ತರ ತಿಳಿಯುವುದಿಲ್ಲವಂತೆ. ಅದಕ್ಕೇ ನಾನು ಮೊದಲು ದೋಣಿ ಓಡಿಸಿ ಅಲೆ ಎಬ್ಬಿಸಬೇಕು. ಮರ, ಬಲೆ ತೇಲುತ್ತಿದ್ದರೆ ಎಳೆದುಹಾಕಬೇಕು. ಆಮೇಲೆ, ಇಳಿಯಬಹುದು ಎಂದು ಹಸಿರು ಬಾವುಟ.

ಜೊತೆಗೆ ಅತ್ತೆ ಮಗಳು ಅಮ್ಮಣಿಯನ್ನು ಕರೆದೆ. ಇಬ್ಬರಿಗೂ ಅರವತ್ತು ದಾಟಿತ್ತು. ಅವಳ ಗಂಡ, ನನ್ನ ಹೆಂಡತಿ, ಇಬ್ಬರೂ ಹೋಗಿ ವರ್ಷಗಳಾಗಿದ್ದವು. ಅವಳು ದೋಣಿಯ ಮುಂದೆ, ನನಗೆ ಬೆನ್ನು ಹಾಕಿ ಕೂತು ನೀರು ನೋಡುತ್ತಿದ್ದಳು.

"ಊರಲ್ಲಿ ಇಷ್ಟು ಜನ ಇರೋವಾಗ ನನ್ನೇ ಯಾಕೆ ಕರ್ದೆ ಮಾಮಾ?"

"ನಿಂದು ಮಾತು ಕಡಿಮೆ ಅಂತ."

ಅವತ್ತು ದಡ ಸೇರುವವರೆಗೆ ಅವಳ ಬಾಯಿ ನಿಲ್ಲಲಿಲ್ಲ.

ನಿಜ ಬೇರೆ ಇತ್ತು. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಅವಳ ಕಣ್ಣಿಗಾಗಿ ಕರೆದಿದ್ದೆ. ಅವಳು ಬೇರೇನೋ ಅಂದುಕೊಂಡಳು. ನಾನೂ ತಿದ್ದಲಿಲ್ಲ.

ಒಂದು ದಿನ ಅವಳು ಪಳನಿಗೆ ಹೋದಳು. ಒಬ್ಬನೇ ಸುತ್ತಿ ಬಂದು ಬಾವುಟ ಎತ್ತಿದೆ. ವಿಮಾನ ಇಳಿಯಿತು. ಆಮೇಲೆ ದೋಣಿಗೆ ಏನೋ ತಗುಲಿತು. ಅರ್ಧ ಮುಳುಗಿದ ದಿಮ್ಮಿ, ವಿಮಾನ ಇಳಿದ ದಾರಿಗೆ ಹತ್ತೇ ಮಾರು. ಯಾರೂ ನೋಡಿರಲಿಲ್ಲ. ದಡಕ್ಕೆ ಎಳೆದುಹಾಕಿ ಸುಮ್ಮನಾದೆ.

ಮರುದಿನ ಅತಿಥಿಗಳು ಕಾದಿದ್ದರು. ಪೈಲಟ್ ಶಿವಬಾಲನ್, ತೇವಾರಂನ ಕನ್ನಡ ಮಾತಾಡುವ ನಮ್ಮವರ ಹುಡುಗ, ಬಂದು ಕೈಮುಗಿದ.

"ನೆಗಡಿ ಆಗಿ ಕಿವಿ ಕಟ್ಟಿದೆ. ಇವತ್ತು ನಾನು ಹಾರಿಸಬಾರದು. ಮನ್ನಿಸಿ."

"ನೆಗಡಿಗೂ ಲೀವಾ?" ಎಂದು ಒಬ್ಬರು ನಕ್ಕರು. ಅವನು ತಲೆ ತಗ್ಗಿಸಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಅವನ ಕೈಗೆ ಬಾವುಟ ಕೊಟ್ಟು, ದಿಮ್ಮಿಯ ಸುದ್ದಿ, ಕಣ್ಣಿನ ಸುದ್ದಿ ಎರಡೂ ಹೇಳಿದೆ.

ಅವನು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಮೊದ್ಲು ಕಣ್ಣು ತೋರ್ಸಿ ತಾತಾ. ಆಮೇಲೆ ಬಾವುಟ."

ಅಮ್ಮಣಿ ಪಕ್ಕದಲ್ಲೇ ನಿಂತು ಎಲ್ಲ ಕೇಳಿದ್ದಳು.

"ಹಂಗಾದ್ರೆ ನನ್ನ ಕರ್ದಿದ್ದು ಕಣ್ಣಿಗಾ?"

"ಮೊದ್ಲು ಕಣ್ಣಿಗೇ."

ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಗೇಣು ಕನಕಾಂಬರ. "ಅವ್ರು ಹೋದ್ಮೇಲೆ ಹೂ ಮುಟ್ಟಿರ್ಲಿಲ್ಲ. ದಿನಾ ದೋಣಿ ಹತ್ತೋವಾಗ ಮುಡಿದು, ಇಳಿಯೋವಾಗ ತೆಗೀತಿದ್ದೆ. ನೀನು ನೋಡಿಯೂ ಸುಮ್ನಿದೀಯ, ಮರ್ಯಾದಸ್ಥ ಅಂದ್ಕೊಂಡಿದ್ದೆ."

ಕನಕಾಂಬರಕ್ಕೆ ವಾಸನೆಯಿಲ್ಲ. ಆ ಬಣ್ಣವನ್ನು ನಾನು ಸೀರೆಯ ಅಂಚೆಂದು ತಿಳಿದಿದ್ದೆ. ಅವಳು ಹೂವನ್ನು ನೀರಿಗೆ ಹಾಕಿ ಹೊರಟುಹೋದಳು.

ತೇನಿಯಲ್ಲಿ ಪೊರೆ ತೆಗೆಸಿಕೊಂಡೆ. ಡಾಕ್ಟರು ಸರಿ ಎಂದ ಮೇಲೆ ಅವಳ ಬಾಗಿಲಿಗೆ ಹೋದೆ. ಮುಖದ ಒಂದೊಂದು ಗೆರೆಯೂ ಕಂಡಿತು. ಮುಡಿ ಬರಿದಾಗಿತ್ತು.

"ಈಗ ಕಣ್ಣು ಐತಲ್ಲ ಮಾಮಾ. ನಾನ್ಯಾಕೆ?"

"ನೀರು ಇಬ್ರೂ ನೋಡಾನ. ವಾಪಸ್ ಬರೋವಾಗ ನನ್ನ ಕಡೆ ತಿರುಗಿ ಕೂತ್ಕೋ."

ಎಲೆಯ ಪೊಟ್ಟಣ ಚಾಚಿದೆ. ಅವಳು ಬಿಚ್ಚಿ ಕನಕಾಂಬರ ನೋಡಿದಳು.

"ಯಾರು ಕಟ್ಟಿದ್ದು, ಇಷ್ಟು ಸೊಟ್ಟಗೆ?"

"ನಾನೇ."

ಎದುರುಮನೆ ಪಿಚ್ಚೈಯಮ್ಮಾಳ್ ಪೊರಕೆ ಹಿಡಿದು ನೋಡುತ್ತ ನಿಂತಿದ್ದಳು. ಅಮ್ಮಣಿ ನನಗೆ ಬೆನ್ನು ತಿರುಗಿಸಿದಳು. ಒಳಗೆ ಹೋಗುತ್ತಾಳೆ ಎಂದುಕೊಂಡೆ.

"ಮುಡ್ಸು," ಎಂದಳು.